ಮಾಸ್ಟ್ ಕೋಶ ಹುಟ್ಟುವುದು ಯಾರ ಅಪ್ಪಣೆಯಿಂದ?

1878ರಲ್ಲಿ ಲೀಪ್‌ಜಿಗ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಪಾಲ್ ಎರ್ಲಿಕ್ ಒಡಲ ತುಂಬ ಕಣಗಳಿರುವ ಕೋಶವೊಂದನ್ನು, ಅಂದರೆ ಮಾಸ್ಟ್ ಕೋಶವನ್ನು, ವರ್ಣಿಸಿದರು. ಇಂದಿಗೂ ಅದನ್ನು ಪತ್ತೆ ಹಚ್ಚಲು ಟೊಲುಯಿಡಿನ್ ನೀಲಿ ಬಳಸುತ್ತಾರೆ: ಸುತ್ತಲಿನದು ನೀಲಿಯಾಗಿ ಉಳಿದರೆ ಈ ಕಣಗಳು ನೇರಳೆಗೆ ತಿರುಗುತ್ತವೆ. ಕೋಶ ಚೆನ್ನಾಗಿ ಉಂಡು ಬೆಳೆದಿದೆ ಎಂದು ಎರ್ಲಿಕ್ ಭಾವಿಸಿದ್ದರು. ಕಣಗಳಲ್ಲಿರುವುದು ಆಹಾರವಲ್ಲ, ಹಿಸ್ಟಮಿನ್, ಹೆಪಾರಿನ್, ಟ್ರಿಪ್ಟೇಸ್. ಅಲರ್ಜಿಯ ತುರಿಕೆ, ಊತಗಳ ಸರಕು.

ಇದರ ತವರು ಯಾವುದೆಂದು ತಿಳಿಯಲು ನೂರು ವರ್ಷ ಹಿಡಿಯಿತು. ಜಪಾನಿನ ಯುಕಿಹಿಕೊ ಕಿಟಮುರಾ ಮತ್ತು ಸಂಗಡಿಗರು ಕೋಶಗಳಲ್ಲಿ ದೈತ್ಯ ಕಣಗಳಿರುವ ಇಲಿ ತಳಿಯೊಂದರ ಅಸ್ಥಿಮಜ್ಜೆಯನ್ನು, ವಿಕಿರಣಕ್ಕೊಡ್ಡಿದ ಸಾಮಾನ್ಯ ಇಲಿಗಳಿಗೆ ಕೊಟ್ಟರು. ಅವುಗಳಲ್ಲೂ ದೈತ್ಯ ಕಣದ ಮಾಸ್ಟ್ ಕೋಶಗಳು ಕಾಣಿಸಿಕೊಂಡವು. ಅಂದರೆ ತವರು ಅಸ್ಥಿಮಜ್ಜೆ. ಅದು 1977.

ನನ್ನ ಮಟ್ಟಿಗೆ ಕಥೆ ರಂಗೇರುವುದು ಮತ್ತೊಂದು ಇಲಿಯಿಂದ. 1942ರಲ್ಲಿ ಜರ್ಮನಿಯ ಪೌಲಾ ಹೆರ್ಟ್‌ವಿಗ್ ವರದಿ ಮಾಡಿದ ಆ ತಳಿಗೆ ಬಿಳಿ ರೋಮ, ಪುಟ್ಟ ಕಣ್ಣು. ಅದರಲ್ಲಿ ಮಾಸ್ಟ್ ಕೋಶಗಳೂ ವಿರಳವೆಂದು ಬಳಿಕ ಗೊತ್ತಾಯಿತು. ರೋಮದ ಬಣ್ಣಕ್ಕೂ ಅಲರ್ಜಿಯ ಕೋಶಕ್ಕೂ ಎಲ್ಲಿಯ ನಂಟು? 1993ರಲ್ಲಿ ಕೆಟ್ಟಿದ್ದ ಜೀನ್ ಸಿಕ್ಕಿತು: ಎಂಐಟಿಎಫ್. ಅದೊಂದು ಪ್ರತಿಲೇಖನ ಅಂಶ, ಅಂದರೆ ಡಿಎನ್‌ಎಯ ನಿರ್ದಿಷ್ಟ ತಾಣಕ್ಕೆ ಅಂಟಿಕೊಂಡು, ಒಂದು ಜೀನ್‌ನಿಂದ ಆರ್‌ಎನ್‌ಎ ಎಷ್ಟು ತಯಾರಾಗಬೇಕೆಂದು ನಿಯಂತ್ರಿಸುವ ಪ್ರೋಟೀನ್. ವರ್ಣಕೋಶದಲ್ಲಿ ಅದು ಮೆಲನಿನ್ ತಯಾರಿಕೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಮಾಸ್ಟ್ ಕೋಶದಲ್ಲಿ ಟ್ರಿಪ್ಟೇಸ್ ಜೀನನ್ನೂ, ಕೋಶ ಬದುಕಲು ಬೇಕಾದ ಕಿಟ್ ಗ್ರಾಹಕದ (ಹೊರಗಿನ ಸಂಕೇತ ಹಿಡಿಯುವ ಪ್ರೋಟೀನಿನ) ಜೀನನ್ನೂ.

ಆದರೆ ಒಂದೇ ಅಂಶದಿಂದ ಕೋಶ ರೂಪುಗೊಳ್ಳುವುದಿಲ್ಲ. ರಕ್ತಕೋಶಗಳ ಬೆಳವಣಿಗೆಯಲ್ಲಿ ಪಿಯು.1 ಮತ್ತು ಗಾಟಾ ಬಳಗದ ಪ್ರತಿಲೇಖನ ಅಂಶಗಳು ಹಾವು-ಮುಂಗುಸಿಗಳೆಂದೇ ಹೆಸರಾಗಿದ್ದವು. ಮಾಸ್ಟ್ ಕೋಶಕ್ಕೆ ಎರಡೂ ಬೇಕೆಂದು 2002ರ ಅಧ್ಯಯನವೊಂದು ತೋರಿಸಿತು: ಗಾಟಾ-2 ಇಲ್ಲದಿದ್ದರೆ ಪಿಯು.1 ಪೂರ್ವಜ ಕೋಶವನ್ನು ರೋಗಾಣು ನುಂಗುವ ಮ್ಯಾಕ್ರೋಫೇಜ್ ಆಗಿಸುತ್ತದೆ. ಗಾಟಾ-2 ಮರಳಿ ಕೊಟ್ಟರೆ ಮಾಸ್ಟ್ ಕೋಶ ಮೂಡುತ್ತದೆ. ಸರದಿಯೂ ಮುಖ್ಯ. 2006ರ ಪ್ರಯೋಗಗಳಲ್ಲಿ ಸಿ/ಇಬಿಪಿ-ಆಲ್ಫಾ ಎಂಬ ಇನ್ನೊಂದು ಪ್ರತಿಲೇಖನ ಅಂಶ ಮೊದಲು ಬಂದು ಗಾಟಾ-2 ಆಮೇಲೆ ಬಂದರೆ ಇಯೊಸಿನೊಫಿಲ್, ಸರದಿ ತಿರುವುಮುರುವಾದರೆ ಬೇಸೋಫಿಲ್. ಎರಡೂ ಬಿಳಿ ರಕ್ತಕೋಶಗಳೇ.

ಬೇಸೋಫಿಲ್ ಹಳೆಯ ತಕರಾರು. ರಕ್ತದಲ್ಲಿ ಓಡಾಡುವ ಇದು ಮಾಸ್ಟ್ ಕೋಶದ ಎಳೆಯ ರೂಪವೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಇಲಿಗಳಲ್ಲಿ ಎರಡಕ್ಕೂ ಸಾಮಾನ್ಯ ಪೂರ್ವಜವಿದೆಯೆಂದು 2005ರಲ್ಲಿ ವರದಿಯಾಯಿತು. ಆ ಕವಲಿನಲ್ಲಿ ಸಿ/ಇಬಿಪಿ-ಆಲ್ಫಾ ಮತ್ತು ಎಂಐಟಿಎಫ್ ಪರಸ್ಪರರ ಜೀನನ್ನು ಅದುಮುತ್ತವೆ ಎಂಬುದು 2013ರಲ್ಲಿ ಬೆಳಕಿಗೆ ಬಂತು: ಮೊದಲನೆಯದು ಗೆದ್ದರೆ ಬೇಸೋಫಿಲ್, ಎರಡನೆಯದು ಗೆದ್ದರೆ ಮಾಸ್ಟ್ ಕೋಶ.

ಚಿಕಿತ್ಸೆ ಮಾತ್ರ ಬೇರೆ ದಾರಿ ಹಿಡಿದಿದೆ. ಮಾಸ್ಟ್ ಕೋಶಗಳು ಮಿತಿಮೀರಿ ಬೆಳೆಯುವ ಸಿಸ್ಟಮಿಕ್ ಮಾಸ್ಟೊಸೈಟೋಸಿಸ್‌ನಲ್ಲಿ ಬಹುಪಾಲು ವಯಸ್ಕರ ಕಿಟ್ ಪ್ರೋಟೀನಿನ 816ನೇ ಅಮೈನೊ ಆಮ್ಲ ಬದಲಾಗಿರುತ್ತದೆ. 2021ರಲ್ಲಿ ಅಮೆರಿಕ ಈ ರೋಗದ ಮುಂದುವರಿದ ಹಂತಕ್ಕೆ ಒಪ್ಪಿಗೆ ನೀಡಿದ ಅವಾಪ್ರಿಟಿನಿಬ್‌ನ ಗುರಿ ಅದೇ. ಪ್ರತಿಲೇಖನ ಅಂಶಗಳನ್ನು ಹೀಗೆ ಕಟ್ಟಿಹಾಕುವುದು ಕಷ್ಟ. ಔಷಧದ ಅಣು ಕೂರಲು ತಕ್ಕ ಕುಳಿ ಅವುಗಳಲ್ಲಿ ಸಿಗುವುದು ಅಪರೂಪ. ಮೇಲಾಗಿ ಗಾಟಾ-2 ರಕ್ತದ ಮೂಲಕೋಶಗಳಿಗೂ ಬೇಕು.