ಸಂಗೀತ ಕಚೇರಿ ನಿಂತಾಗ ಪಕ್ಕವಾದ್ಯದವರ ಮನೆ ಹೇಗೆ ನಡೆಯಬೇಕು?

ಪ್ರಶ್ನೆ: ಕೊರೊನಾ ಕಾಲದಲ್ಲಿ ಬೆಂಗಳೂರಿನ ಕಲಾವಿದರ ಆನ್‌ಲೈನ್ ಕಚೇರಿಗಳನ್ನು ತಪ್ಪದೆ ಕೇಳಿದೆವು, ಮೆಚ್ಚುಗೆ ಬರೆದೆವು, ಇತರರಿಗೂ ಕಳುಹಿಸಿದೆವು. ಇಷ್ಟಾದರೂ ಅನೇಕ ಕಲಾವಿದರು ಬಹಳ ಕಷ್ಟಪಟ್ಟರೆಂದು ಆಮೇಲೆ ತಿಳಿಯಿತು. ಅಂಥ ಕಾಲ ಮತ್ತೆ ಬಂದರೆ ಕೇಳುಗರಾದ ನಾವು ಏನು ಮಾಡಿದರೆ ನಿಜವಾಗಿ ಉಪಯೋಗವಾಗುತ್ತದೆ?

ಉತ್ತರ: ನೀವು ಕೇಳಿದ್ದರಿಂದ ಕಲಾವಿದರಿಗೆ ಸಂತೋಷವಾಗಿರುತ್ತದೆ, ಅದು ಸುಳ್ಳಲ್ಲ. ಆದರೆ ಹಾಡಿದವರ ಮನೆ ಬಾಡಿಗೆ ಅದರಿಂದ ಕಟ್ಟಲಾಗಲಿಲ್ಲ. ಪುಕ್ಕಟೆ ಕಚೇರಿಯನ್ನು ಸಾವಿರ ಜನ ಕೇಳಿದರೂ ಪುಕ್ಕಟೆಯೇ. ಏನು ಮಾಡಬೇಕೆಂದು ತಿಳಿಯಬೇಕಾದರೆ ಈ ಊರಿನ ಸಂಗೀತಕ್ಕೆ ಹಣ ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಚೌಡಯ್ಯ ಸ್ಮಾರಕ ಭವನದಲ್ಲಿ ಟಿಕೆಟ್ ಕೊಂಡು ಕೂರುವ ಸಂಗೀತ ಬಹಳ ಚಿಕ್ಕ ಪಾಲು. ಬೆಂಗಳೂರಿನ ಬಹುಪಾಲು ಸಂಗೀತಕ್ಕೆ ಕೇಳುಗ ಹಣ ಕೊಡುವುದೇ ಇಲ್ಲ. ಕೊಡುವವರು ಬೇರೆ: ರಾಮೋತ್ಸವದ ಸಮಿತಿ, ಗಣೇಶೋತ್ಸವದ ಯುವಕ ಸಂಘ, ರಾಜ್ಯೋತ್ಸವಕ್ಕೆ ರಸಮಂಜರಿ ಏರ್ಪಡಿಸುವ ಬಡಾವಣೆಯ ಮುಖಂಡರು, ಮದುವೆಗೆ ವಾಲಗ ಗೊತ್ತುಮಾಡುವ ಹೆಣ್ಣಿನ ಕಡೆಯವರು, ದೇವಸ್ಥಾನ, ಸರ್ಕಾರದ ಸಂಸ್ಕೃತಿ ಇಲಾಖೆ. ಇವರ ಜೊತೆಗೆ ಪಾಠಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಿಯರು. ಶಾಮಿಯಾನದ ಕೆಳಗೆ ಪುಕ್ಕಟೆ ಕುಳಿತು ಕೇಳುವ ನಮಗೆ ಈ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ.

ಈ ಆದಾಯ ವರ್ಷವಿಡೀ ಸಮನಾಗಿ ಬರುವಂಥದ್ದೂ ಅಲ್ಲ. ಯುಗಾದಿಯಿಂದ ಶುರುವಾಗಿ ಒಂದು ತಿಂಗಳಿಗೂ ಮಿಕ್ಕಿ ರಾಮೋತ್ಸವದ ಕಚೇರಿಗಳು. 1939ರಲ್ಲಿ ಆರಂಭವಾದ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯಿಂದ ಹಿಡಿದು ಓಣಿಯ ಆಂಜನೇಯನ ಗುಡಿಯವರೆಗೆ ಎಲ್ಲೆಡೆ ಪಾನಕ, ಕೋಸಂಬರಿ ಮತ್ತು ಸಂಗೀತ. ಅದೇ ಹೊತ್ತಿಗೆ ಏಪ್ರಿಲ್, ಮೇ ತಿಂಗಳ ಲಗ್ನಗಳು. ಅನೇಕರಿಗೆ ಈ ಎರಡೂವರೆ ತಿಂಗಳ ದುಡಿಮೆಯೇ ಮಳೆಗಾಲವನ್ನು ದಾಟಿಸಬೇಕು. 2020ರಲ್ಲಿ ಪೆಟ್ಟು ಬಿದ್ದದ್ದು ಸರಿಯಾಗಿ ಅಲ್ಲಿಗೆ. ಮಾರ್ಚ್ 13ರಂದೇ ರಾಜ್ಯ ಸರ್ಕಾರ ಚಿತ್ರಮಂದಿರ, ಮಾಲ್, ಜಾತ್ರೆ, ದೊಡ್ಡ ಮದುವೆಗಳನ್ನು ನಿಲ್ಲಿಸುವುದಾಗಿ ಘೋಷಿಸಿತು. ದೇಶದ ಲಾಕ್‌ಡೌನ್ ಶುರುವಾದ ಮಾರ್ಚ್ 25 ಯುಗಾದಿಯ ದಿನ. ರಾಮನವಮಿ ಏಪ್ರಿಲ್ 2. ಮರುವರ್ಷ ರಾಮನವಮಿ ಏಪ್ರಿಲ್ 21ಕ್ಕೆ ಬಂತು, ಎರಡನೇ ಅಲೆಯ ನಡುವೆ. ಎರಡು ಸುಗ್ಗಿ ಒಂದರ ಹಿಂದೊಂದು ಕೈತಪ್ಪಿದವು.

ಆಗ ಎಲ್ಲರೂ ಹಿಡಿದ ಉಪಾಯ ಆನ್‌ಲೈನ್. ಅದು ಯಾರಿಗೆ ಒದಗಿತು, ಯಾರಿಗೆ ಒದಗಲಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಇಬ್ಬರು ಬೇರೆ ಬೇರೆ ಮನೆಗಳಲ್ಲಿ ಕುಳಿತು ವಿಡಿಯೊ ಕರೆಯಲ್ಲಿ ಜೊತೆಯಾಗಿ ನುಡಿಸಲಾಗುವುದಿಲ್ಲ. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ ಸಾಕು, ಆದಿತಾಳದ ಮಧ್ಯಮ ಕಾಲವೇ (ನಡುವಣ ವೇಗ) ನಿಲ್ಲುವುದಿಲ್ಲ. ತಾಳವಾದ್ಯದವರೇ ನುಡಿಸುವ ತನಿ ಆವರ್ತನದ ಮಾತು ದೂರ. ಹೀಗಾಗಿ ಮೃದಂಗದವರನ್ನು ಬಿಟ್ಟು ಶ್ರುತಿಪೆಟ್ಟಿಗೆ ಇಟ್ಟುಕೊಂಡು ಒಬ್ಬರೇ ಹಾಡುವುದು ರೂಢಿಯಾಯಿತು. ಇಲ್ಲವೇ ಗಾಯಕರು ಮೊದಲು ಹಾಡಿ ಕಳುಹಿಸಿ, ಪಿಟೀಲು ಮತ್ತು ಮೃದಂಗದವರು ಅದನ್ನು ಕಿವಿಗೆ ಹಾಕಿಕೊಂಡು ನುಡಿಸಿ, ಕೊನೆಗೆ ಯಾರೋ ಕುಳಿತು ಎಲ್ಲವನ್ನೂ ಜೋಡಿಸಿದರು. ಆ ಕ್ಷಣಕ್ಕೆ ಹೊಳೆದದ್ದನ್ನು ಹಾಡುವ, ನುಡಿಸುವ ಮನೋಧರ್ಮಕ್ಕೆ ಅಲ್ಲಿ ಜಾಗವಿಲ್ಲ. ಘಟ, ಖಂಜಿರ, ಮೋರ್ಚಿಂಗ್‌ನವರನ್ನಂತೂ ಯಾರೂ ಕರೆಯಲಿಲ್ಲ. ಕರೆಗಳಿಗೆಂದು ಮಾಡಿದ ತಂತ್ರಾಂಶಗಳು ತಂಬೂರಿಯ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತಿದ್ದವು! ಸಂಗೀತಕ್ಕೆಂದೇ ಜೂಮ್ ಒಂದು ಉತ್ತಮ ಧ್ವನಿಯ ವ್ಯವಸ್ಥೆ ಕೊಟ್ಟದ್ದು 2020ರ ಸೆಪ್ಟೆಂಬರ್ ಹೊತ್ತಿಗೆ.

ಇನ್ನೊಂದು ವಿಚಿತ್ರ ತೊಂದರೆ ಹಕ್ಕುಸ್ವಾಮ್ಯದ್ದು. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ. ನಮ್ಮ ಕಾನೂನಿನಲ್ಲಿ ಕೃತಿಕಾರ ತೀರಿಕೊಂಡ ಮೇಲೆ 60 ವರ್ಷ ಮಾತ್ರ ಹಕ್ಕು. ಅವರ ಕೃತಿ ಯಾರ ಸ್ವತ್ತೂ ಅಲ್ಲ. ಆದರೆ ಅದೇ ಕೃತಿಯ ಹಳೆಯ ಧ್ವನಿಮುದ್ರಿಕೆಯ ಹಕ್ಕು ಯಾವುದೋ ಕಂಪನಿಯದ್ದಾಗಿರುತ್ತದೆ. ವಿಡಿಯೊ ತಾಣದ ಯಂತ್ರ ಈಗ ಹಾಡಿದ್ದನ್ನು ಆ ಮುದ್ರಿಕೆಯೊಂದಿಗೆ ಹೋಲಿಸಿ, ಮನೆಯಲ್ಲಿ ಕುಳಿತು ಸ್ವಂತ ಕಂಠದಿಂದ ಹಾಡುತ್ತಿದ್ದವರ ನೇರಪ್ರಸಾರವನ್ನೂ ಮೂಕವಾಗಿಸಿದ ಪ್ರಸಂಗಗಳಾದವು. ಆಕ್ಷೇಪಣೆ ಬರೆದು ಉತ್ತರ ಬರುವಷ್ಟರಲ್ಲಿ ಕಚೇರಿಯೇ ಮುಗಿದಿರುತ್ತಿತ್ತು.

ಆನ್‌ಲೈನ್‌ನಿಂದ ನಿಜವಾಗಿ ಕೈಹಿಡಿದದ್ದು ಪಾಠ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳಿಗೆ ಇಲ್ಲಿಯ ನಸುಕಿನಲ್ಲಿ ಸರಳೆ, ಜಂಟಿವರಸೆ ಹೇಳಿಕೊಟ್ಟು ಸಂಸಾರ ನಡೆಸಿದ ವಿದ್ವಾಂಸರು, ವಿದುಷಿಯರು ಬೇಕಾದಷ್ಟು ಮಂದಿ. ಆದರೆ ಇದಕ್ಕೆ ಒಳ್ಳೆಯ ಮೊಬೈಲ್, ತಡೆಯಿಲ್ಲದ ಇಂಟರ್ನೆಟ್, ಒಂದಿಷ್ಟು ಇಂಗ್ಲಿಷ್ ಮತ್ತು ಹೆಸರು ಬೇಕು. ನಾಗಸ್ವರದವರಿಗೆ, ಡೋಲಿನವರಿಗೆ, ರಸಮಂಜರಿಯಲ್ಲಿ ಕೀಬೋರ್ಡ್ ನುಡಿಸುವವರಿಗೆ, ಮೈಕ್‌ಸೆಟ್‌ನವರಿಗೆ ಈ ಬಾಗಿಲು ತೆರೆಯಲಿಲ್ಲ. ದೊಡ್ಡಬಳ್ಳಾಪುರದ ಕಡೆಯ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರಿಗೂ ಇಲ್ಲ. ವೀಣೆಯನ್ನು ವಿಡಿಯೊದಲ್ಲಿ ಕೆತ್ತಲಾಗುವುದಿಲ್ಲವಷ್ಟೆ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 2021ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ ₹1,250 ಕೋಟಿಯ ಪ್ಯಾಕೇಜಿನಲ್ಲಿ ಕಲಾವಿದರಿಗೆ ತಲಾ ₹3,000 ಇತ್ತು. ಬೆಂಗಳೂರಿನಲ್ಲಿ ಆ ಹಣ ಅರ್ಧ ತಿಂಗಳ ಬಾಡಿಗೆಗೂ ಸಾಲದು ಎಂಬುದು ಒಂದು ಮಾತು. ಅದಕ್ಕಿಂತ ಮುಖ್ಯವಾದದ್ದು, ಯಾವ ನೆರವಿಗೇ ಆಗಲಿ ತಾನು ಕಲಾವಿದ ಎಂದು ಕಾಗದದಲ್ಲಿ ತೋರಿಸುವುದು ಹೇಗೆ ಎಂಬುದು. ಮುಖ್ಯ ಗಾಯಕರ ಬಳಿ ಆಹ್ವಾನಪತ್ರಿಕೆ, ಸನ್ಮಾನಪತ್ರ, ಪತ್ರಿಕೆಯ ವಿಮರ್ಶೆ ಎಲ್ಲ ಇರುತ್ತವೆ. ಮದುವೆಯ ವಾಲಗದವರ ಹೆಸರನ್ನು ಯಾರಾದರೂ ಲಗ್ನಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದುಂಟೆ?

ಬೇರೆ ಊರುಗಳು ಏನು ಮಾಡಿದವೆಂದು ನೋಡಿದರೆ ಎರಡು ಸಂಗತಿ ನಮಗೆ ಉಪಯೋಗವಾದೀತು. ಬರ್ಲಿನ್ ನಗರ 2020ರ ಮಾರ್ಚ್ ಕೊನೆಯಲ್ಲೇ ಯಾರ ನೌಕರಿಯಲ್ಲೂ ಇರದೆ ಸ್ವಂತವಾಗಿ ದುಡಿಯುವವರಿಗೆ, ಸಂಗೀತಗಾರರೂ ಸೇರಿದಂತೆ, 5,000 ಯೂರೊ ಕೊಡತೊಡಗಿತು. ಅರ್ಜಿ ಸರಳ, ಹಣ ಕೆಲವೇ ದಿನಗಳಲ್ಲಿ ಖಾತೆಗೆ. ತಪಾಸಣೆ ಏನಿದ್ದರೂ ಆಮೇಲೆ. ಅಮೆರಿಕದ ಆಸ್ಟಿನ್ ನಗರಕ್ಕೆ ಸಂಗೀತವೇ ಹೆಗ್ಗಳಿಕೆ. ಅಲ್ಲಿಯ ದೊಡ್ಡ ವಾರ್ಷಿಕ ಉತ್ಸವ ಮಾರ್ಚ್ 6ರಂದೇ ರದ್ದಾಯಿತು. ನಗರಾಡಳಿತ 15 ಲಕ್ಷ ಡಾಲರ್ ತೆಗೆದಿಟ್ಟು ಸಂಗೀತಗಾರರಿಗೆ ತಲಾ 1,000 ಡಾಲರ್ ಹಂಚಿತು. ಆದರೆ ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಆ ಊರಿನ ಹಳೆಯ ಏರ್ಪಾಡು: ಕಡಿಮೆ ಆದಾಯದ ಸಂಗೀತಗಾರರಿಗೆ ಆರೋಗ್ಯ ವಿಮೆ, ಚಿಕಿತ್ಸೆ ಒದಗಿಸುವ ಒಂದು ಸಂಸ್ಥೆ 2005ರಿಂದಲೇ ಅಲ್ಲಿದೆ. ಪಿಡುಗು ಬಂದಾಗ ಯಾರು ಸಂಗೀತಗಾರರು, ಎಲ್ಲಿದ್ದಾರೆ ಎಂಬ ಪಟ್ಟಿ ಇಂಥವರ ಕೈಯಲ್ಲಿ ಮೊದಲೇ ಇರುತ್ತದೆ. ನಮ್ಮಲ್ಲಿ ಪಟ್ಟಿ ಮಾಡುವ ಕೆಲಸ ಶುರುವಾಗುವುದೇ ಹಸಿವು ಶುರುವಾದ ಮೇಲೆ.

ಪಕ್ಕದ ಚೆನ್ನೈನಲ್ಲಿ 2020ರ ಡಿಸೆಂಬರ್ ಸಂಗೀತೋತ್ಸವದ ಸೀಸನ್ನನ್ನು ಕಚೇರಿ ಏರ್ಪಡಿಸುವ ಹಲವು ಸಂಗೀತ ಸಭೆಗಳು ಒಟ್ಟಾಗಿ ಆನ್‌ಲೈನ್‌ನಲ್ಲೇ, ಆದರೆ ಟಿಕೆಟ್ ಇಟ್ಟು ನಡೆಸಿದವು. ಸಭಾಂಗಣದಲ್ಲಿ ಪಕ್ಕವಾದ್ಯಸಮೇತ ಮುದ್ರಿಸಿದ ಕಚೇರಿಗಳು. ಆನ್‌ಲೈನ್ ಎಂದರೆ ಪುಕ್ಕಟೆ ಎಂಬ ರೂಢಿಯನ್ನು ಮುರಿಯಲು ಆಗುತ್ತದೆಂದು ತೋರಿಸಿದ್ದೇ ಅದರ ದೊಡ್ಡ ಕೆಲಸ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಎಲ್ಲಕ್ಕಿಂತ ಮೊದಲು, ಗೊತ್ತುಮಾಡಿದ್ದ ಕೆಲಸದ ಹಣ ಕೊಡಿ. ಮಗಳ ಮದುವೆ ಐವತ್ತು ಜನಕ್ಕೆ ಇಳಿದಾಗ ನಾವು ಮೊದಲು ಬೇಡವೆಂದದ್ದು ವಾಲಗವನ್ನು. ಮಂಗಳವಾದ್ಯ ಮೊಬೈಲಿನಲ್ಲಿ ಮೊಳಗಿತು. ಊಟದ ಖರ್ಚು ಸಾವಿರ ಜನರಿಂದ ಐವತ್ತಕ್ಕೆ ಇಳಿದಿರುವಾಗ ನಾಲ್ವರು ವಾದ್ಯದವರಿಗೆ ಒಪ್ಪಿಕೊಂಡ ಹಣದಲ್ಲಿ ಅರ್ಧ ಕೊಡುವುದು ಹೊರೆಯೇನಲ್ಲ. ಮುಂಗಡವನ್ನು ವಾಪಸು ಕೇಳುವುದಂತೂ ಸಲ್ಲ.

ಮಕ್ಕಳ ಪಾಠ ನಿಲ್ಲಿಸಬೇಡಿ. ಮಗು ಪರದೆಯ ಮುಂದೆ ಕೂರುವುದಿಲ್ಲ ಎಂದಾದರೆ ಕೆಲವು ತಿಂಗಳ ಶುಲ್ಕವನ್ನು ಮುಂದಿನ ಪಾಠದ ಲೆಕ್ಕದಲ್ಲಿ ಕೊಟ್ಟಿಡಬಹುದು. ಇದು ದಾನವಲ್ಲವಾದ್ದರಿಂದ ಗುರುಗಳಿಗೆ ತೆಗೆದುಕೊಳ್ಳಲು ಮುಜುಗರವೂ ಆಗದು. ಮುಜುಗರದ ಮಾತು ಸಣ್ಣದಲ್ಲ: ವೇದಿಕೆಯ ಮೇಲೆ ಜರಿ ಅಂಗವಸ್ತ್ರ ಹೊದ್ದು ಕುಳಿತವರು ದಿನಸಿ ಕಿಟ್‌ಗಾಗಿ ಸಾಲಿನಲ್ಲಿ ನಿಲ್ಲಲಾರರು, ಫೋಟೊಗೆ ನಿಲ್ಲುವುದಂತೂ ಸಾಧ್ಯವೇ ಇಲ್ಲ. ಕೊಡುವವರು ಖಾತೆಗೆ ಹಾಕಿ ಸುಮ್ಮನಿರುವುದೇ ಸರಿ.

ದೇಣಿಗೆ ಕೊಡುವುದಾದರೆ ಹೆಸರಾಂತರ ಪರದೆಯ ಕೆಳಗಿನ ಕ್ಯೂಆರ್ ಕೋಡ್‌ಗಿಂತ ಒಂದು ಸಾಮೂಹಿಕ ನಿಧಿಗೆ ಕೊಡುವುದು ಮೇಲು. ಚೆನ್ನೈನಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರ ಸುಮನಸ ಫೌಂಡೇಶನ್ 2020ರಲ್ಲಿ ಅಂಥದ್ದೊಂದು ನಿಧಿ ಕೂಡಿಸಿತು. ಕೊಡುವ ಮುನ್ನ ಒಂದೇ ಮಾತು ಕೇಳಿ: ಹಣ ವಾಲಗದವರಿಗೂ ಜಾನಪದದವರಿಗೂ ಹೋಗುತ್ತದೆಯೋ, ಶಾಸ್ತ್ರೀಯದವರಲ್ಲೇ ಸುತ್ತುತ್ತದೆಯೋ? ಆನ್‌ಲೈನ್ ಕಚೇರಿಗೆ ಟಿಕೆಟ್ ಇದ್ದರೆ ಕೊಳ್ಳಿ. ಪಕ್ಕವಾದ್ಯವಿಲ್ಲದ ಕಚೇರಿಯಾದರೆ ಯಾಕಿಲ್ಲವೆಂದು ಕೇಳಿ. ಮನೆಯಲ್ಲಿ ಮೂಲೆಗೆ ಬಿದ್ದ ವೀಣೆಯೋ ಮೃದಂಗವೋ ಇದ್ದರೆ ರಿಪೇರಿಗೆ ಕೊಡಲು ಅದೇ ತಕ್ಕ ಕಾಲ. ಮೃದಂಗಕ್ಕೆ ಮುಚ್ಚಿಗೆ (ಚರ್ಮದ ಹೊದಿಕೆ) ಹಾಕುವವರಿಗೆ ಕಚೇರಿ ನಿಂತ ದಿನವೇ ಕೆಲಸ ನಿಲ್ಲುತ್ತದೆ.

ನೀವು ಬಡಾವಣೆಯ ಉತ್ಸವ ಸಮಿತಿಯಲ್ಲಿ ಇದ್ದರೆ, ಅಥವಾ ಚಂದಾ ಕೊಡುವವರಲ್ಲಿ ಒಬ್ಬರಾದರೆ, ನಿಮ್ಮ ಕೈಯಲ್ಲಿ ಇವೆಲ್ಲಕ್ಕಿಂತ ಹೆಚ್ಚಿನದಿದೆ. ಕಚೇರಿಗಳು ಈಗಲೂ ಬಹುಮಟ್ಟಿಗೆ ಫೋನಿನ ಮಾತಿನ ಮೇಲೆ ಗೊತ್ತಾಗುತ್ತವೆ. ಹಣ ಮುಖ್ಯ ಕಲಾವಿದರ ಕೈಗೆ ಹೋಗಿ, ಅಲ್ಲಿಂದ ಹಂಚಿಕೆಯಾಗುವುದೂ ಉಂಟು. ಅದರ ಬದಲು ಒಂದು ಪುಟದ ಒಪ್ಪಿಗೆಪತ್ರ ಬರೆಯಿರಿ. ಸರ್ಕಾರದ ಆದೇಶದಿಂದ ಕಾರ್ಯಕ್ರಮ ನಿಂತರೆ ಸಂಭಾವನೆಯ ಇಂತಿಷ್ಟು ಪಾಲು ಕೊಡಲಾಗುವುದು, ಪಕ್ಕವಾದ್ಯದವರ ಮತ್ತು ಮೈಕ್‌ಸೆಟ್‌ನವರ ಪಾಲು ಅವರವರ ಖಾತೆಗೇ ಹೋಗುವುದು ಎಂದು ಅದರಲ್ಲಿರಲಿ. ಎಲ್ಲರ ಪೂರ್ತಿ ಹೆಸರೂ ಇರಲಿ, ಮುಂದೆ ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಪುರಾವೆ ಕೇಳಿದರೆ ತೋರಿಸಲು ಒಂದು ಕಾಗದವಾಯಿತು. ಇದಕ್ಕೆ ಬೇಕಾದ ಹಣವನ್ನು ಪ್ರತಿವರ್ಷದ ಚಂದಾದಲ್ಲಿ ಒಂದಿಷ್ಟು ಬೇರೆ ತೆಗೆದಿಟ್ಟು ಕೂಡಿಸಬಹುದು. ರಾಮೋತ್ಸವಕ್ಕೆ ಕಲಾವಿದರನ್ನು ಕೇಳಲು ಶುರುಮಾಡುವುದು ಸಂಕ್ರಾಂತಿಯ ಆಸುಪಾಸಿನಲ್ಲಾದ್ದರಿಂದ, ಈ ವಿಷಯವನ್ನು ಅದಕ್ಕೂ ಮುಂಚಿನ ಸಭೆಯಲ್ಲೇ ಎತ್ತಿ. ಚಂದಾ ಪುಸ್ತಕ ಅಚ್ಚಿಗೆ ಹೋದ ಮೇಲೆ ಖಜಾಂಚಿಯವರು ಒಪ್ಪುವುದು ಕಷ್ಟ.