ಓದುಗರ ಪ್ರಶ್ನೆ: ಒಂದು ಸಲ ಕಛೇರಿಗೆ ಕರೆದವರು ಮತ್ತೆ ಯಾಕೆ ಕರೆಯುವುದಿಲ್ಲ?

ಪ್ರಶ್ನೆ: ನನಗೆ 24 ವರ್ಷ. ಹನ್ನೆರಡು ವರ್ಷದಿಂದ ವಯಲಿನ್ ಕಲಿಯುತ್ತಿದ್ದೇನೆ, ಸೀನಿಯರ್ ಪರೀಕ್ಷೆ ಮುಗಿದಿದೆ. ಪಕ್ಕವಾದ್ಯಕ್ಕೆ ಕರೆದವರೆಲ್ಲ "ಚೆನ್ನಾಗಿತ್ತಮ್ಮ" ಅಂತಾರೆ, ಆಮೇಲೆ ಫೋನೇ ಬರೋದಿಲ್ಲ. ಇದನ್ನೇ ವೃತ್ತಿ ಮಾಡಿಕೊಳ್ಳೋಕೆ ದಿನಕ್ಕೆ ಎಷ್ಟು ಗಂಟೆ ಸಾಧನೆ ಮಾಡಬೇಕು?

ಉತ್ತರ: ಮೃದಂಗದವರೂ ಇದನ್ನೇ ಕೇಳುತ್ತಾರೆ, ಕೊಳಲಿನವರೂ ಕೇಳುತ್ತಾರೆ. ಗಂಟೆಯ ಲೆಕ್ಕ ಆಮೇಲೆ ಹೇಳುತ್ತೇನೆ. ಮೊದಲ ಸಲ ಕರೆದರು ಅಂದರೆ ನಿಮ್ಮ ಕೈ ಚೆನ್ನಾಗಿದೆ ಅನ್ನುವುದು ನಾಲ್ಕು ಜನರಿಗೆ ಗೊತ್ತಾಗಿದೆ. ಎರಡನೇ ಸಲ ಕರೆಯಬೇಕಾದರೆ, ಈ ಹುಡುಗಿ ಪಕ್ಕದಲ್ಲಿ ಕೂತರೆ ನಾನು ನೆಮ್ಮದಿಯಾಗಿ ಹಾಡಬಹುದು ಅಂತ ಹಾಡುವವರಿಗೆ ಅನಿಸಬೇಕು. ನಾನು ಬಹಳ ವರ್ಷದಿಂದ ಪಕ್ಕವಾದ್ಯ ನುಡಿಸಿಯೇ ಸಂಸಾರ ನಡೆಸುತ್ತಿದ್ದೇನೆ. ನನಗೆ ಮತ್ತೆ ಮತ್ತೆ ಫೋನ್ ಬಂದದ್ದು ಆ ನೆಮ್ಮದಿಯಿಂದಲೇ.

ವೇದಿಕೆಯಿಂದ ಶುರು ಮಾಡೋಣ. ಗಾಯಕರು ಹತ್ತು ನಿಮಿಷ ಕಲ್ಯಾಣಿ ರಾಗದ ಆಲಾಪನೆ ಮಾಡಿದರೆ, ಅಂದರೆ ಸಾಹಿತ್ಯವಿಲ್ಲದೆ ರಾಗವನ್ನು ಬಿಡಿಸಿ ಹಾಡಿದರೆ, ನಿಮ್ಮ ಪಾಲು ಐದೋ ಆರೋ ನಿಮಿಷ. ಅದಕ್ಕಿಂತ ಜಾಸ್ತಿ ಎಳೆದರೆ ಚಪ್ಪಾಳೆ ಬರಬಹುದು, ಆದರೆ ಅವರು ಮುಂದೆ ಇಟ್ಟುಕೊಂಡಿದ್ದ ಕೃತಿಯ ಸಮಯ ಹೋಗಿರುತ್ತದೆ, ಅದನ್ನು ಅವರು ಮರೆಯುವುದಿಲ್ಲ. ಅವರು ಆಲಾಪನೆ ಮಾಡುವಾಗ ನೆರಳಿನಂತೆ ಹಿಂದೆ ಹೋಗಿ. ಅವರು ಇನ್ನೂ ಮುಟ್ಟದ ಮೇಲಿನ ಷಡ್ಜವನ್ನು ನೀವು ಮೊದಲೇ ಮುಟ್ಟಬೇಡಿ, ಅಲ್ಲಿಗೆ ನಿಧಾನವಾಗಿ ಹತ್ತಿ ಹೋಗುವ ಖುಷಿ ಅವರದು. ಸಾಹಿತ್ಯ ಮರೆತರೆ ಆ ಸಾಲನ್ನು ಮೆಲ್ಲಗೆ ನುಡಿಸಿ ದಾರಿ ಮಾಡಿಕೊಡಿ, ಮುಖ ನೋಡಿ ನಗಬೇಡಿ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನದಲ್ಲಿ ಬಿಲ್ಲು ಕೆಳಗಿಟ್ಟು ಕೈಯಲ್ಲಿ ತಾಳ ಹಾಕಿ. ಆ ಹೊತ್ತಿನಲ್ಲಿ ಮೊಬೈಲ್ ನೋಡುವ ಹುಡುಗರನ್ನು ನಾನು ನೋಡಿದ್ದೇನೆ. ಕಷ್ಟದ ಲೆಕ್ಕವೊಂದನ್ನು ಕಟ್ಟುತ್ತಿರುವ ಮೃದಂಗದವರಿಗೆ ಪಕ್ಕದವರ ತಾಳ ಎಷ್ಟು ದೊಡ್ಡ ಆಸರೆ ಅನ್ನುವುದು ಆ ಹುಡುಗರಿಗೆ ಗೊತ್ತಿಲ್ಲ. ಇನ್ನೊಂದು ಮಾತು, ಎಷ್ಟೋ ಸಲ ಗಾಯಕರಿಗೆ ವಯಲಿನ್‌ಗೆ ಯಾರು ಅಂತ ಸೂಚಿಸುವವರು ಮೃದಂಗದವರೇ.

ಇನ್ನು ಹಾಡುಗಳು. ನಮ್ಮ ಕಡೆ ಕಛೇರಿ ಅಂದಮೇಲೆ ಕೊನೆಗೆ ದೇವರನಾಮ ಬೇಕೇ ಬೇಕು. ಪಕ್ಕವಾದ್ಯದವರಿಗೆ ನಿಜವಾದ ಪರೀಕ್ಷೆ ಅಲ್ಲಿದೆ. ತ್ಯಾಗರಾಜರ ಕೃತಿಗಳ ರಾಗ ಬಹುಮಟ್ಟಿಗೆ ಗೊತ್ತಾದದ್ದು. ದಾಸರ ಪದ ಹಾಗಲ್ಲ, ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಇನ್ನೊಬ್ಬರು ಬೇರೆ ರಾಗದಲ್ಲಿ ಹಾಡುತ್ತಾರೆ, ಅದಕ್ಕೆ ಮುಂಚೆ ತಾಳವಿಲ್ಲದೆ ಹಾಡುವ ಒಂದು ಉಗಾಭೋಗ ತೆಗೆದುಕೊಂಡು ಮೂರು ನಾಲ್ಕು ರಾಗ ಸುತ್ತಿ ಬರುತ್ತಾರೆ. ಮೊದಲ ಎರಡು ಸಂಗತಿಯಲ್ಲೇ, ಅಂದರೆ ಸಾಲನ್ನು ಎರಡು ಬಗೆಯಲ್ಲಿ ಹಾಡುವಷ್ಟರಲ್ಲೇ, ನೀವು ರಾಗ ಹಿಡಿಯಬೇಕು. ಹಾಗಾಗಿ ಒಂದು ನೋಟ್‌ಬುಕ್ ಇಡಿ. ಕಛೇರಿ ಮುಗಿಸಿ ಮನೆಗೆ ಬಂದ ರಾತ್ರಿಯೇ, ಮಲಗುವ ಮುಂಚೆ, ಅವತ್ತು ಗೊತ್ತಿಲ್ಲದೆ ತಡಬಡಾಯಿಸಿದ ಹಾಡು, ಚಿಟ್ಟೆಸ್ವರ (ಕೃತಿಯ ಜೊತೆ ಮೊದಲೇ ಕಟ್ಟಿಟ್ಟ ಸ್ವರಗುಚ್ಛ), ರಾಗ ಎಲ್ಲ ಬರೆದಿಡಿ. ಮುಂದಿನ ವಾರದೊಳಗೆ ಅದನ್ನು ಕಲಿತು ಗೆರೆ ಎಳೆಯಿರಿ. ನನ್ನ ಹತ್ತಿರ ಅಂಥ ನೋಟ್‌ಬುಕ್ಕು ಹನ್ನೊಂದು ಇವೆ. ಪರೀಕ್ಷೆಯ ಸಿಲೆಬಸ್‌ಗಿಂತ ಜಾಸ್ತಿ ನನಗೆ ಕಲಿಸಿದ್ದು ಅವೇ. ಪುಷ್ಯ ಮಾಸ ಬಂತೆಂದರೆ ತ್ಯಾಗರಾಜರ ಆರಾಧನೆ, ಹಿಂದೆಯೇ ಅಮಾವಾಸ್ಯೆಗೆ ಪುರಂದರದಾಸರ ಆರಾಧನೆ, ಊರೂರಲ್ಲಿ ಗೋಷ್ಠಿಗಾಯನ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಈ ಐದು ರಾಗಗಳಲ್ಲಿರುವ ತ್ಯಾಗರಾಜರ ಐದೂ ಪಂಚರತ್ನ ಕೃತಿ ಪುಸ್ತಕ ನೋಡದೆ ಬರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಈಗ ಗಂಟೆಯ ಲೆಕ್ಕ. ಭಾನುವಾರ ಆರು ಗಂಟೆ ಕೂತು ವಾರವೆಲ್ಲ ಬಿಡುವುದಕ್ಕಿಂತ ದಿನಾ ಎರಡು ಗಂಟೆ ಮೇಲು. ಅದರಲ್ಲಿ ಅರ್ಧ ಗಂಟೆ ನಿಧಾನ ಕಾಲದ ವರ್ಣ, ಸುಮ್ನೆ ಶ್ರುತಿಗೆ ಕಿವಿಕೊಟ್ಟು. ಇನ್ನರ್ಧ ಗಂಟೆ, ನೀವು ಮೊದಲು ಕೇಳಿರದ ಆಲಾಪನೆಯ ರೆಕಾರ್ಡಿಂಗ್ ಹಾಕಿಕೊಂಡು ಅದರ ಹಿಂದೆಯೇ ನುಡಿಸಿ, ನಿಲ್ಲಿಸದೆ. ಉಳಿದದ್ದು ಮುಂದಿನ ಕಛೇರಿಯ ಗಾಯಕರ ಶ್ರುತಿಯಲ್ಲಿ. ಈ ಕೊನೆಯದನ್ನು ಎಷ್ಟೋ ಜನ ಮಾಡುವುದಿಲ್ಲ. ಶ್ರುತಿಯನ್ನು ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆಯಲ್ಲಿ ಹೇಳುತ್ತೇವೆ; ಗಂಡಸರು ಹೆಚ್ಚಾಗಿ ಒಂದರ ಶ್ರುತಿಯ ಆಸುಪಾಸು ಹಾಡುತ್ತಾರೆ, ಹೆಂಗಸರು ಐದರ ಆಸುಪಾಸು. ಐದಕ್ಕೆ ಬಿಗಿದ ವಯಲಿನ್ ಒಂದಕ್ಕೆ ಇಳಿಸಿದರೆ ತಂತಿ ಸಡಿಲವಾಗಿ ಬಿಲ್ಲಿನ ಭಾರವೇ ಬೇರೆ ಆಗುತ್ತದೆ, ತಂತಿ ಹೊಂದಿಕೊಳ್ಳುವ ತನಕ ಶ್ರುತಿ ಜಾರುತ್ತಲೇ ಇರುತ್ತದೆ. ಸಾಧ್ಯವಾದರೆ ಎರಡು ವಯಲಿನ್ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಿಂದಿನ ರಾತ್ರಿಯೇ ಇಳಿಸಿಟ್ಟು ಬೆಳಿಗ್ಗೆ ಅದೇ ಶ್ರುತಿಯಲ್ಲಿ ಸಾಧನೆ ಮಾಡಿ.

ಪಿಟೀಲು ಚೌಡಯ್ಯನವರು ಏಳು ತಂತಿಯ ವಯಲಿನ್ ನುಡಿಸುತ್ತಿದ್ದರು ಅಂತ ಎಲ್ಲರಿಗೂ ಗೊತ್ತು. ಮೈಕು ಇಲ್ಲದ ಕಾಲ, ದೊಡ್ಡ ಸಭೆಯಲ್ಲಿ ವಯಲಿನ್ ನಾದ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ, ಅದಕ್ಕೆ ನಾಲ್ಕು ತಂತಿಯ ಜೊತೆ ಇನ್ನು ಮೂರು ಸೇರಿಸಿಕೊಂಡರು. ಕೊನೆಯ ಸಾಲಿನಲ್ಲಿ ಕೂತವರಿಗೆ ಏನು ಕೇಳಿಸುತ್ತಿದೆ ಎಂದು ಯೋಚಿಸಿ, ವಾದ್ಯವನ್ನೇ ಬದಲಿಸಿಕೊಂಡ ಆ ಮನಸ್ಸು ನೋಡಿ. ನನಗೆ ಅವರ ಬಗ್ಗೆ ಇರುವ ಗೌರವದಲ್ಲಿ ಅರ್ಧ ಇದಕ್ಕೇ. ಇವತ್ತು ಆ ಕೆಲಸ ಸೌಂಡ್ ನೋಡಿಕೊಳ್ಳುವ ಹುಡುಗನ ಕೈಯಲ್ಲಿದೆ. ಮುಕ್ಕಾಲು ಗಂಟೆ ಮುಂಚೆ ಹೋಗಿ, ಅವನ ಹೆಸರು ಕೇಳಿ, ಗಾಯಕರ ದನಿಗಿಂತ ನಿಮ್ಮ ವಯಲಿನ್ ಒಂದು ಮೆಟ್ಟಿಲು ಕೆಳಗಿರಲಿ ಎಂದು ಹೇಳಿ. ಕಛೇರಿ ಮಧ್ಯೆ ಮೈಕಿನ ಕಡೆ ಕೈ ತೋರಿಸಿ ರೇಗುವುದು ಬೇಡ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಶುರುವಿನ ದಿನಗಳಲ್ಲಿ ಒಬ್ಬ ಗಾಯಕಿ ಚಿಕ್ಕ ದೇವಸ್ಥಾನದ ಕಛೇರಿಗೆ ಕರೆದರು, "ಬರ್ತೀನಿ ಅಕ್ಕ" ಅಂದೆ. ನಾಲ್ಕು ದಿನ ಇದ್ದ ಹಾಗೆ ದೊಡ್ಡ ಸಭೆಯೊಂದರಿಂದ ಅದೇ ಸಂಜೆಗೆ ಕರೆ ಬಂತು. ಜ್ವರ ಅಂತ ಸುಳ್ಳು ಹೇಳಿದೆ. ಮರುದಿನವೇ ಅವರಿಗೆ ಗೊತ್ತಾಯಿತು. ಅವರು ಬೈಯಲಿಲ್ಲ, ಆದರೆ ಆರು ವರ್ಷ ನನ್ನನ್ನು ಕರೆಯಲಿಲ್ಲ. ಅವರ ಶಿಷ್ಯರೂ ಕರೆಯಲಿಲ್ಲ. ಆಮೇಲೆ ನಾನೇ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವತ್ತಿನಿಂದ ಮೊದಲು ಒಪ್ಪಿದ್ದೇ ದೊಡ್ಡ ಕಛೇರಿ ಅಂತ ಇಟ್ಟುಕೊಂಡಿದ್ದೇನೆ. ಫೋನ್ ಬಂದರೆ "ನೋಡಿ ಹೇಳ್ತೀನಿ" ಅಂತ ಕಾಯಿಸಬೇಡಿ, ಡೈರಿ ತೆಗೆದು ಅಲ್ಲೇ ಆಗುತ್ತದೆ ಅಥವಾ ಆಗುವುದಿಲ್ಲ ಅನ್ನಿ. ಆಗದಿದ್ದರೆ ಇನ್ನೊಬ್ಬ ಒಳ್ಳೆಯ ವಯಲಿನ್‌ನವರ ನಂಬರ್ ಕೊಡಿ.

ಸಂಭಾವನೆಯ ವಿಷಯವನ್ನೂ ಅದೇ ಫೋನಿನಲ್ಲಿ ಮಾತಾಡಿ. ಕೇಳಲು ಸಂಕೋಚಪಟ್ಟು, ಕವರ್ ಬಿಚ್ಚಿ ನೋಡಿ ಮನಸ್ಸು ಕಹಿ ಮಾಡಿಕೊಳ್ಳುವವರು ತುಂಬಾ ಜನ. ಗುರುಗಳ ಮನೆಯ ಕಾರ್ಯಕ್ರಮ, ಊರಿನ ಆರಾಧನೆ, ಇಂಥವಕ್ಕೆ ಪುಕ್ಕಟೆ ನುಡಿಸಿ, ಸಂತೋಷವಾಗಿ ನುಡಿಸಿ. ಉಳಿದ ಕಡೆ ನಿಮ್ಮ ಮೊತ್ತ ಮೆತ್ತಗೆ, ಸ್ಪಷ್ಟವಾಗಿ ಹೇಳಿ. ಬರೀ ಕಛೇರಿಯಿಂದ ಮನೆ ನಡೆಯುವುದು ಕೆಲವರಿಗೆ ಮಾತ್ರ. ಪಾಠ, ಭರತನಾಟ್ಯದ ಕಾರ್ಯಕ್ರಮ, ಮದುವೆ ಆರತಕ್ಷತೆ, ರೆಕಾರ್ಡಿಂಗ್ ಎಲ್ಲವೂ ಸೇರಬೇಕು. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆ ತಿಂಗಳಿಗೆ ಮೊದಲೇ ದುಡ್ಡು ಎತ್ತಿಡಿ. ಆಕಾಶವಾಣಿಯ ಆಡಿಷನ್ ಕಟ್ಟಿ, ಬಿ ಗ್ರೇಡ್ ಸಿಕ್ಕರೂ ಹೊಸ ಊರಿನ ಸಂಘಟಕರಿಗೆ ಅದೊಂದು ಗುರುತು.

ಮೈ ಬಗ್ಗೆ ಒಂದೇ ಮಾತು. ಮೂರು ಗಂಟೆ ಚಕ್ಕಳಮಕ್ಕಳ ಹಾಕಿ ಕೂರುವ ಕೆಲಸ ಇದು, ಸೊಂಟ ಮತ್ತು ಎಡ ಭುಜ ನೋಯಲು ಶುರುವಾಗುವ ಮುಂಚೆಯೇ ವ್ಯಾಯಾಮ ಶುರು ಮಾಡಿ.

ರಾಮನವಮಿ ಹೊತ್ತಿಗೆ ಬೆಂಗಳೂರಿನಲ್ಲಿ ಸಂಗೀತ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ, ಈಗ ಬಡಾವಣೆಗೊಂದು ಚಪ್ಪರ. ಆ ದಿನಗಳಲ್ಲಿ ಯಾರಿಗೋ ಹುಷಾರಿರುವುದಿಲ್ಲ, ಮಧ್ಯಾಹ್ನ ಮೂರಕ್ಕೆ ಫೋನ್ ಬರುತ್ತದೆ, ಸಂಜೆ ಆರಕ್ಕೆ ಕಛೇರಿ. ಎಷ್ಟೋ ಜನರ ವೃತ್ತಿ ಶುರುವಾದದ್ದು ಅಂಥ ಫೋನಿನಿಂದ. ಪೆಟ್ಟಿಗೆಯಲ್ಲಿ ಒಂದು ಸೆಟ್ ಹೊಸ ತಂತಿ, ರಾಳ, ಶ್ರುತಿಪೆಟ್ಟಿಗೆ, ಒಗೆದ ಟವೆಲು ಯಾವಾಗಲೂ ಇರಲಿ, ಒಂದು ಸೀರೆ ಇಸ್ತ್ರಿ ಮಾಡಿ ಇಟ್ಟಿರಿ. ಫೋನ್ ಬಂದಾಗ ಶ್ರುತಿ ಎಷ್ಟು, ಜಾಗ ಎಲ್ಲಿ, ಇಷ್ಟು ಕೇಳಿ ಹೊರಟುಬಿಡಿ.