ಜಿರ್ಕೋನಿಯಾ ಕ್ಯಾಪ್ ಇದ್ದರೆ ಸ್ಕ್ಯಾನ್ ಕ್ಲೀನಾಗಿ ಬರುತ್ತದಾ?

ಪ್ರಶ್ನೆ: ಇಂಪ್ಲಾಂಟ್‌ಗೆ ಮೊದಲು ಸಿಬಿಸಿಟಿ (ದವಡೆಯ 3ಡಿ ಎಕ್ಸ್‌ರೇ) ಸ್ಕ್ಯಾನ್ ಮಾಡಿಸಿ ಎಂದಿದ್ದಾರೆ ಡಾಕ್ಟ್ರು. ಬಿದ್ದ ಹಲ್ಲಿನ ಅಕ್ಕಪಕ್ಕ ಎರಡಕ್ಕೂ ಜಿರ್ಕೋನಿಯಾ ಕ್ಯಾಪ್ ಇದೆ. ಅದು ಲೋಹ ಅಲ್ಲವಲ್ಲ, ಬಿಳಿ ಗೆರೆಗಳ ತೊಂದರೆ ಇರುವುದಿಲ್ಲ ಅಲ್ವಾ?

ಇರುತ್ತದೆ. ಇಂಪ್ಲಾಂಟ್ ಮಾಡುವ ಲೋಹವಾದ ಟೈಟಾನಿಯಮ್‌ಗಿಂತ ಜಾಸ್ತಿಯೇ ಇರುತ್ತದೆ. ಇದನ್ನು ಎಷ್ಟನೇ ಸಲ ಹೇಳುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಪೇಷೆಂಟ್‌ಗಳು ಕೇಳಿದರೆ ಸರಿ, ಬಿಡಿ. ಬಿಡಿಎಸ್ ಮುಗಿಸಿದವರೂ ಕೇಳುತ್ತಾರೆ. ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಎಲೆಗೆ ಹಚ್ಚುವ ಸುಣ್ಣ ಲೋಹವಾ? ಅಲ್ಲ. ಆದರೆ ಅದರೊಳಗಿನ ಕ್ಯಾಲ್ಸಿಯಂ ಲೋಹವೇ. ಜಿರ್ಕೋನಿಯಾನೂ ಹಾಗೇ. ಜಿರ್ಕೋನಿಯಮ್ ಎಂಬ ಲೋಹ ಆಮ್ಲಜನಕದ ಜೊತೆ ಸೇರಿ ಆದ ಬಿಳಿ ಪಿಂಗಾಣಿ. ಲೋಹದ ಹಾಗೆ ಮಿರಮಿರ ಹೊಳೆಯುವುದಿಲ್ಲ, ನೋಡಲು ಹಲ್ಲಿನಂತೆಯೇ ಇರುತ್ತದೆ. ಆದರೆ ತೂಕ ಹಾಕಿದರೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಜಿರ್ಕೋನಿಯಮ್ಮೇ. ಎಕ್ಸ್‌ರೇಗೆ ಬಣ್ಣವೂ ಗೊತ್ತಿಲ್ಲ, ಹೊಳಪೂ ಗೊತ್ತಿಲ್ಲ. ದಾರಿಯಲ್ಲಿ ಸಿಕ್ಕ ಪರಮಾಣು ಎಷ್ಟು ದೊಡ್ಡದು, ಎಷ್ಟು ಒತ್ತಾಗಿ ತುಂಬಿದೆ, ಎಷ್ಟು ದಪ್ಪ ದಾಟಬೇಕು, ಅದಕ್ಕೆ ಬೇಕಾದ್ದು ಇಷ್ಟೇ.

ಈಗ ನಂಬರ್ ನೋಡಿ. ಮೂಳೆಯಲ್ಲಿರುವ ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20. ಟೈಟಾನಿಯಮ್‌ದು 22, ಅಂದರೆ ಒಂದೇ ಬೀದಿಯವರು. ಜಿರ್ಕೋನಿಯಮ್‌ದು 40. ಕಿರಣ ಹೀರುವ ಶಕ್ತಿ ಈ ಸಂಖ್ಯೆಯ ಘನಕ್ಕೆ ತಕ್ಕಂತೆ ಏರುತ್ತದೆ ಎಂಬುದು ಒಂದು ಒರಟು ಲೆಕ್ಕ. 40ನ್ನು 22ರಿಂದ ಭಾಗಿಸಿ ಘನ ಮಾಡಿ. ಸುಮಾರು 6 ಬರುತ್ತದೆ. ಸಾಲದ್ದಕ್ಕೆ ಒಂದು ಘನ ಸೆಂಟಿಮೀಟರ್ ಟೈಟಾನಿಯಮ್ ನಾಲ್ಕೂವರೆ ಗ್ರಾಮ್ ತೂಗಿದರೆ ಜಿರ್ಕೋನಿಯಾ ಆರು ಗ್ರಾಮ್ ತೂಗುತ್ತದೆ. ‘ಮೆಟಲ್ ಫ್ರೀ’ ಎಂದು ಕ್ಯಾಪ್ ಜೊತೆ ಕೊಟ್ಟ ಕಾರ್ಡಿನಲ್ಲಿ ಬರೆದದ್ದು ಸುಳ್ಳಲ್ಲ. ಎಕ್ಸ್‌ರೇ ಆ ಕಾರ್ಡ್ ಓದುವುದಿಲ್ಲ, ಅಷ್ಟೇ.

ಗೆರೆ ಯಾಕೆ ಬರುತ್ತದೆ? ಮಷೀನ್ ತಲೆಯ ಸುತ್ತ ತಿರುಗಿ ನೂರಾರು ಚಿತ್ರ ತೆಗೆಯುತ್ತದೆ. ಹೊರಡುವ ಕಿರಣಗಳಲ್ಲಿ ಮೆತ್ತಗಿನವೂ ಇವೆ, ಗಟ್ಟಿಯವೂ ಇವೆ. ಕ್ಯಾಪ್ ಮೆತ್ತಗಿನವನ್ನು ನುಂಗಿಬಿಡುತ್ತದೆ. ಕಂಪ್ಯೂಟರ್ ಮಾತ್ರ ಎಲ್ಲವೂ ಒಂದೇ ತರದ ಕಿರಣ ಎಂದುಕೊಂಡು ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪಿ ಎರಡು ಕ್ಯಾಪ್‌ಗಳ ನಡುವೆ ಕಪ್ಪು ಪಟ್ಟಿ, ಸುತ್ತ ಬಿಳಿ ಗೆರೆ. ಡೋಸ್ ಏರಿಸಿದರೆ ಹೋಗುತ್ತದಾ? ಇಲ್ಲ. ಎಂಎ (ಮಿಲಿಆಂಪಿಯರ್, ಅಂದರೆ ಎಕ್ಸ್‌ರೇ ಟ್ಯೂಬಿನ ಕರೆಂಟು) ಏರಿಸಿದರೆ ಚಿತ್ರದ ಕಾಳುಕಾಳು ಕಡಿಮೆಯಾದೀತು, ಈ ತಪ್ಪು ಲೆಕ್ಕ ಹಾಗೇ ಉಳಿಯುತ್ತದೆ.

ಹಾಗಂತ ಹೆದರಿ ಕ್ಯಾಪ್ ಕೀಳಿಸಿಕೊಳ್ಳಬೇಡಿ. ಇಲ್ಲಿ ಕಿರಣಗಳು ಹೆಚ್ಚುಕಡಿಮೆ ಅಡ್ಡಡ್ಡ ಹೋಗುತ್ತವೆ. ಹಾಗಾಗಿ ಗೆರೆಗಳೂ ಕ್ಯಾಪ್ ಇರುವ ಮಟ್ಟದಲ್ಲೇ ಹರಡುತ್ತವೆ. ನಿಮಗೆ ಬೇಕಾದ ಮೂಳೆ ಅದಕ್ಕಿಂತ ಕೆಳಗಿದೆ, ಮೇಲಿನ ದವಡೆಯಾದರೆ ಮೇಲಿದೆ. ಕೂರಿಸುವಾಗ ಹಲ್ಲಿನ ಸಾಲು ಕಿರಣದ ಜೊತೆ ಮಟ್ಟಸವಾಗಿರುವಂತೆ ತಲೆ ಇಡಿಸಿದರೆ ಮೂಳೆ ಬಹುಪಾಲು ಬಚಾವ್. ಮೇಲಿನ ಕೆಳಗಿನ ಹಲ್ಲುಗಳ ನಡುವೆ ಹತ್ತಿ ಸುರುಳಿ ಇಟ್ಟರೆ ಎದುರು ದವಡೆಯ ಲೋಹ ದೂರವಾಗುತ್ತದೆ. ಬೇಕಾದಷ್ಟೇ ಜಾಗದ ಚಿಕ್ಕ ಸ್ಕ್ಯಾನ್ ಸಾಕು, ಡೋಸೂ ಕಡಿಮೆ. ತೆಗೆಯಬಹುದಾದ ಹಲ್ಲಿನ ಸೆಟ್ಟು, ಓಲೆ, ಮೂಗುಬಟ್ಟು ತೆಗೆದಿಡಿ. ಮೂಗುಬಟ್ಟಿನ ತಿರುಪು ವರ್ಷಗಳಿಂದ ಕಚ್ಚಿಕೊಂಡಿರುತ್ತದೆ. ಸ್ಕ್ಯಾನ್ ರೂಮಿನಲ್ಲಿ ಒದ್ದಾಡುವ ಬದಲು ಹಿಂದಿನ ದಿನವೇ ಬಿಡಿಸಿಕೊಂಡು ಬನ್ನಿ, ಪುಣ್ಯ ಬರುತ್ತದೆ.

ಕೆಲವು ಮಷೀನ್‌ಗಳಲ್ಲಿ ಲೋಹದ ಗೆರೆ ತೆಗೆಯುವ ಬಟನ್ ಇದೆಯಲ್ಲ ಎನ್ನುವಿರಿ. ಇದೆ. ಲೋಹದ ನೆರಳು ಬಿದ್ದ ಜಾಗವನ್ನು ಗುರುತಿಸಿ, ಅಕ್ಕಪಕ್ಕದ ಅಂಕಿ ನೋಡಿ ಅಂದಾಜಿನಲ್ಲಿ ತೇಪೆ ಹಾಕುವುದು ಅದರ ಸಾಮಾನ್ಯ ವಿಧಾನ. ಚಿತ್ರ ಕಣ್ಣಿಗೆ ಚೆಂದ ಕಾಣುತ್ತದೆ. ಆದರೆ ತೇಪೆಯಡಿ ಏನಿತ್ತು ಎಂದು ಬಟನ್ನಿಗೂ ಗೊತ್ತಿಲ್ಲ. ನಾನು ತೇಪೆ ಹಾಕಿದ್ದು, ಹಾಕದ್ದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ರಿಪೋರ್ಟ್ ಬರೆಯುತ್ತೇನೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕ್ಯಾಪ್‌ಗಿಂತ ನನಗೆ ಭಯ ಇರುವುದು ರೂಟ್ ಕೆನಾಲ್ ಆದ ಹಲ್ಲಿನ ಬಗ್ಗೆ. ಬೇರಿನೊಳಗೆ ತುಂಬುವ ಗಟ್ಟಾ ಪರ್ಚಾದಲ್ಲಿ ಎಕ್ಸ್‌ರೇಗೆ ಕಾಣಲೆಂದೇ ಬೇರಿಯಮ್ ಸೇರಿಸಿರುತ್ತಾರೆ. ಅದರ ಸಂಖ್ಯೆ 56. ಅದರ ಪಕ್ಕದಲ್ಲಿ ಏಳುವ ಕಪ್ಪು ಗೆರೆ ಥೇಟ್ ಬೇರು ಸೀಳಿದ ಹಾಗೇ ಕಾಣುತ್ತದೆ. ಆ ಗೆರೆಯೊಂದನ್ನೇ ನಂಬಿ ಯಾರಾದರೂ ಹಲ್ಲು ಕೀಳೋಣ ಎಂದರೆ ಸ್ವಲ್ಪ ತಡೆಯಿರಿ. ವಸಡಿನ ಪಕ್ಕ ಒಂದೇ ಕಡೆ ಆಳವಾದ ಸಂದು ಇದೆಯಾ, ಅಲ್ಲಿ ಮೂಳೆ ಕರಗಿದೆಯಾ ಎಂದು ಕೇಳಿ.

ಇನ್ನು ಎಂಆರ್‌ಐ. ಅಲ್ಲಿ ಎಕ್ಸ್‌ರೇ ಇಲ್ಲ, ಅಯಸ್ಕಾಂತದ ಕೆಲಸ. ಕತೆ ಉಲ್ಟಾ. ಜಿರ್ಕೋನಿಯಾ ಹೆಚ್ಚು ತಂಟೆ ಮಾಡುವುದಿಲ್ಲ. ಚಿತ್ರ ಕೆಡಿಸುವುದು ಸ್ಟೀಲಿನ ಕ್ಲಿಪ್ಪು, ತಂತಿ. ‘ಲೋಹ ಅಲ್ಲ, ತೊಂದರೆ ಇಲ್ಲ’ ಎಂಬ ಮಾತು ಬಹುಶಃ ಅಲ್ಲಿಂದಲೇ ನಮ್ಮ ಕಡೆಗೆ ನಡೆದು ಬಂದಿರಬೇಕು. ಮಗಳ ಹಲ್ಲಿಗೆ ಕ್ಲಿಪ್ ಹಾಕಿಸಿದ್ದೀರಾ, ತಲೆಯ ಎಂಆರ್‌ಐ ಬರೆದಿದ್ದಾರಾ? ಹಾಗಾದರೆ ಮೊದಲು ಕ್ಲಿಪ್ ಹಾಕಿದ ಡಾಕ್ಟ್ರಿಗೆ ಒಂದು ಫೋನ್ ಮಾಡಿ.